ಬುಟ್ಟಿಯಲ್ಲಿ ಉಳಿದ ಮಕ್ಕಳು

ಹುಣಸೂರಿನಲ್ಲಿ ಬೃಂದಾ ಪಾಠ ಮಾಡುವ ಕಟ್ಟಡ ಒಂದು ಕಾಲಕ್ಕೆ ಹೊಗೆಸೊಪ್ಪಿನ ಗೋದಾಮಾಗಿತ್ತು. ಎಷ್ಟು ಸಲ ಸುಣ್ಣ ಬಳಿದರೂ ಗೋಡೆಯ ಘಾಟು ಹೋಗಿಲ್ಲ. ದೂರದ ಊರುಗಳಿಂದ ತರಬೇತಿಗೆ ಬರುವ ಸಂಶೋಧಕರು ಮೊದಲ ದಿನ ಮೂಗಿಗೆ ಕರವಸ್ತ್ರ ಹಿಡಿದು ಕೂರುತ್ತಾರೆ. ವಾರ ಕಳೆಯುವುದರೊಳಗೆ ಘಾಟೂ ಮರೆತುಹೋಗುತ್ತದೆ, ಕರವಸ್ತ್ರವೂ ಎಲ್ಲೋ ಕಳೆದುಹೋಗುತ್ತದೆ. ಬೃಂದಾಳಿಗೆ ಈ ಬಗ್ಗೆ ಒಂದು ಚೂರೂ ಸಂಕೋಚವಿಲ್ಲ. ಯಾರಾದರೂ ಮುಖ ಕಿವುಚಿದರೆ, "ಈ ಗ್ವಾಡೆ ವಾಸ್ನೆಗೇ ಇಷ್ಟಂದ್ರೆ ನಾಳೆ ಅಳ್ಳಿಗಳಿಗೆ ಎಂಗ್ರಪ್ಪಾ ಬತ್ತೀರಿ?" ಎಂದು ಕೇಳಿ ಪಾಠಕ್ಕೆ ಇಳಿಯುತ್ತಾಳೆ.

ಅವಳು ಕಲಿಸುವುದು ಏನೆಂದು ಪೇಟೆಯಲ್ಲಿ ಕೇಳಿದರೆ ಒಬ್ಬರು ಕಂಪ್ಯೂಟರ್ ಅನ್ನುತ್ತಾರೆ, ಇನ್ನೊಬ್ಬರು ಜನಗಣತಿ ಅನ್ನುತ್ತಾರೆ. ಕೆ.ಆರ್. ನಗರದಲ್ಲಿರುವ ಅವಳ ಅತ್ತೆ ಭದ್ರಮ್ಮನವರು ಮಾತ್ರ ನೆರೆಹೊರೆಯವರಿಗೆ ಬಿಡಿಸಿ ಹೇಳುತ್ತಾರೆ: "ನಮ್ ಸೊಸೆ ಒಂದ್ ಮಗು ಉಟ್ದಾಗಿಂದ ಅದ್ರ ಇಂದೇನೇ ಓಗ್ತಾಳೆ ಕಣವ್ವ. ಎಷ್ಟ್ ತೂಕ ಇತ್ತು, ಯಾವಾಗ ಜ್ವರ ಬಂತು, ಇಸ್ಕೂಲಲ್ಲಿ ಎಂಗ್ ಓದ್ತು, ಎಲ್ಲಾನೂ ತಂದು ಒಂದ್ಕಡೆ ಕೂಡುಸ್ತಾಳೆ. ಅಂಗ್ ಕೂಡುಸೋದ್ನ ಬ್ಯಾರೆಯೋರ್ಗೂ ಕಲುಸ್ತಾಳೆ." ಬೃಂದಾ ತನ್ನ ಮೊದಲ ತರಗತಿಯಲ್ಲಿ ಹೇಳುವುದೂ ಇದನ್ನೇ, ಸ್ವಲ್ಪ ಉದ್ದ ಮಾಡಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ಹೊತ್ತಿಗೆ ಹುಟ್ಟಿದ ಮಕ್ಕಳನ್ನು ವರ್ಷದಿಂದ ವರ್ಷಕ್ಕೆ ನೋಡುತ್ತ ಬಂದ ಅಧ್ಯಯನವೊಂದಿದೆ. ಆ ಮಕ್ಕಳಿಗೆ ಈಗ ಮೀಸೆ ಚಿಗುರಿದೆ, ಜಡೆ ಉದ್ದವಾಗಿದೆ. ಒಂದೇ ಮಗುವಿಗೆ ಆಸ್ಪತ್ರೆಯಲ್ಲಿ ಒಂದು ದಾಖಲೆ, ಅಂಗನವಾಡಿಯಲ್ಲಿ ಒಂದು, ಶಾಲೆಯಲ್ಲಿ ಮತ್ತೊಂದು ಇರುತ್ತದೆ. ಮೂರೂ ಕಡೆ ಇರುವುದು ಅದೇ ಮಗು ಎಂದು ಗುರುತು ಹಿಡಿದು ಜೋಡಿಸಿದರೆ, ಹುಟ್ಟುವಾಗ ತೂಕ ಕಡಿಮೆಯಿದ್ದ ಮಗು ಹತ್ತನೇ ತರಗತಿಗೆ ಬರುವ ಹೊತ್ತಿಗೆ ಹೇಗಿದೆ ಎಂಬಂಥ ಪ್ರಶ್ನೆಗೆ ಉತ್ತರ ಸಿಗುತ್ತದೆ. ಜೋಡಣೆ ಕೆಟ್ಟರೂ ಉತ್ತರ ಸಿಕ್ಕೇ ಸಿಗುತ್ತದೆ, ಆದರೆ ತಪ್ಪು ಉತ್ತರ. ತಪ್ಪು ಉತ್ತರವನ್ನು ಧೈರ್ಯವಾಗಿ ಹೇಳುವವರನ್ನು ಕಂಡರೆ ಬೃಂದಾಳಿಗೆ ಮೈಯೆಲ್ಲ ಉರಿಯುತ್ತದೆ.

ಸಾಲಿಗ್ರಾಮದ ರೈತ ಹುಚ್ಚಯ್ಯನವರ ಮಗಳು ಬೃಂದಾ ಮೈಸೂರಿಗೆ ಹೋಗಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದಾಗ ಬ್ಯಾಂಕಿನ ಕೆಲಸಕ್ಕೆ ಹೋಗುತ್ತಾಳೆ ಎಂದು ಮನೆಯವರು ಕಾದಿದ್ದರು. ಅವಳು ಆಗತಾನೆ ಶುರುವಾಗಿದ್ದ ಈ ಅಧ್ಯಯನಕ್ಕೆ ಸೇರಿಕೊಂಡಳು. ಒಂದು ವರ್ಷದ ಪ್ರಾಜೆಕ್ಟು ಎಂದು ಅಪ್ಪನಿಗೆ ಹೇಳಿದ್ದಳು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಕೆ.ಆರ್. ನಗರಕ್ಕೆ ಮದುವೆಯಾಗಿ ಹೋಗಿ, ಮಗಳು ರಮ್ಯ ಹುಟ್ಟಿದಾಗ ಕೆಲಸ ಬಿಡುವ ಮನಸ್ಸು ಮಾಡಿದ್ದೂ ಉಂಟು. ಆಗ ಭದ್ರಮ್ಮನವರು ಕೂಸನ್ನು ಅವಳ ತೊಡೆಯಿಂದ ಎತ್ತಿಕೊಂಡು, "ಇವ್ಳ್ನ ನಾನ್ ನೋಡ್ಕತೀನಿ. ನೀನು ಊರ್ ಮಕ್ಕಳ್ನ ನೋಡೋಗು" ಅಂದಿದ್ದರು. ಅವತ್ತಿನಿಂದ ಬೃಂದಾಳಿಗೆ ಅತ್ತೆಯೆಂದರೆ ದೇವರ ಸಮಾನ. ಎದುರಿಗೆ ಜೋರಾಗಿ ಸೀನುವುದಕ್ಕೂ ಹಿಂದೆಮುಂದೆ ನೋಡುತ್ತಾಳೆ.

ಅವಳ ಪಾಠದ ರೀತಿಯೇ ಬೇರೆ. ಕಂಪ್ಯೂಟರ್ ತೆಗೆಯುವ ಮೊದಲು ಹೊಗೆಸೊಪ್ಪು ಕಟ್ಟುವ ದಾರವನ್ನು ಗೋದಾಮಿನ ಈ ಗೋಡೆಯಿಂದ ಆ ಗೋಡೆಗೆ ಎಳೆದು ಕಟ್ಟಿಸುತ್ತಾಳೆ. ಒಂದು ದಾರ ಅಂದರೆ ಒಂದು ಮಗು. ಆಸ್ಪತ್ರೆಯ ಚೀಟಿ, ಅಂಗನವಾಡಿಯ ಚೀಟಿ, ಶಾಲೆಯ ಚೀಟಿ, ಎಲ್ಲವನ್ನೂ ವರ್ಷದ ಪ್ರಕಾರ ಆ ದಾರಕ್ಕೆ ಕಟ್ಟಬೇಕು. ಚೀಟಿಯ ಮೇಲೆ ನಂಬರು ಮಾತ್ರ ಇರುತ್ತದೆ. ಹೆಸರುಗಳು ಬೃಂದಾಳ ಬೀಗದೊಳಗೆ ಭದ್ರವಾಗಿರುತ್ತವೆ. ಸಾಲುಸಾಲಾಗಿ ಬಣ್ಣದ ಚೀಟಿಗಳು ತೂಗಾಡುವಾಗ ಒಂದು ಮಗುವಿನ ಬದುಕು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣ್ಣಿಗೆ ಕಾಣುತ್ತದೆ. ವರ್ಷಾನುಗಟ್ಟಲೆ ಹಿಂಬಾಲಿಸುವುದು ಅಂದರೇನು ಎಂದು ಆಮೇಲೆ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಯಾವ ದಾರಕ್ಕೂ ಸೇರದ ಚೀಟಿಗಳು ಒಂದು ಬಿದಿರು ಬುಟ್ಟಿಗೆ ಬೀಳುತ್ತವೆ. ಶಾಲೆಯ ಚೀಟಿ ಒಂದೂ ಸಿಗದೆ ಅರ್ಧಕ್ಕೇ ನಿಂತುಹೋದ ದಾರಗಳನ್ನೂ ಸುತ್ತಿ ಅದರೊಳಗೇ ಹಾಕುತ್ತಾರೆ. ಬೇರೆ ಕಡೆಯಾದರೆ ಇಂಥ ಬುಟ್ಟಿಯನ್ನು ಮೂಲೆಗೆ ತಳ್ಳಿ ಸಿಕ್ಕಿದ್ದರಲ್ಲಿ ಲೆಕ್ಕ ಮುಗಿಸುತ್ತಾರೆ. ಬೃಂದಾಳ ತರಬೇತಿ ಶುರುವಾಗುವುದೇ ಆ ಬುಟ್ಟಿಯಿಂದ. ಅಲ್ಲಿ ಉಳಿದ ಕೆಲವು ಮಕ್ಕಳ ಮನೆಗಾದರೂ, ಮನೆಯವರು ಬನ್ನಿ ಅಂದರೆ, ಹೋಗಿ ಕೂತು ಮಾತಾಡಿ ಬರಬೇಕು. ಹಾಗೆ ಬರದೆ ಒಂದು ಅಂಕಿಯನ್ನೂ ಹೊರಗೆ ಹೇಳಕೂಡದು. ಈ ನಿಯಮದಲ್ಲಿ ಅವಳು ಯಾರ ಮುಲಾಜಿಗೂ ಬಗ್ಗುವವಳಲ್ಲ.

ಈ ವರ್ಷ ಆ ನಿಯಮಕ್ಕೇ ಕುತ್ತು ಬಂದಿತ್ತು. ತರಬೇತಿಗೆ ದುಡ್ಡು ಕೊಡುವ ಸಂಸ್ಥೆಯವರು, ಕಂಪ್ಯೂಟರ್ ಎಲ್ಲ ಕಡೆಯೂ ಒಂದೇ ಅಲ್ಲವೇ, ಈ ಗೋದಾಮು, ಬಸ್ಸು, ದಾರ, ಬುಟ್ಟಿ ಯಾಕೆ ಎಂದು ಕೇಳಿದ್ದರು. ಎಲ್ಲವನ್ನೂ ಬೆಂಗಳೂರಿಗೆ ಒಯ್ದು ಪರದೆಯ ಮೇಲೆ ಕಲಿಸಿದರೆ ಸಾಕು ಎನ್ನುವುದು ಅವರ ಯೋಚನೆ. ಕೊನೆಯ ದಿನ ಅವರ ಕಡೆಯಿಂದ ಡಾಕ್ಟರ್ ಶಿವನಂಜಪ್ಪನವರು ಬಂದು ನೋಡುತ್ತಾರೆ. ಹುಣಸೂರಿನ ಕೇಂದ್ರ ಉಳಿಯುತ್ತದೋ ಮುಚ್ಚುತ್ತದೋ ಅವರ ಒಂದು ಮಾತಿನ ಮೇಲೆ ನಿಂತಿತ್ತು. ಬೃಂದಾಳಿಗೆ ಭಯವೂ ಆಗಿತ್ತು, ಸಿಟ್ಟೂ ಬಂದಿತ್ತು. ಭಯವನ್ನು ಮುಚ್ಚಿಡಲು ಸಿಟ್ಟನ್ನೇ ಹೆಚ್ಚು ಹೆಚ್ಚಾಗಿ ತೋರಿಸುತ್ತಿದ್ದಳು.

ಅವತ್ತು ಎಲ್ಲರ ಪರವಾಗಿ ಮಾತಾಡಬೇಕಾದವನು ವಸಂತ್. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗ, ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಬುದ್ಧಿ ಚುರುಕು, ನಾಲಿಗೆಯೂ ಚುರುಕು, ತಾಳ್ಮೆಯ ವಿಷಯ ಕೇಳಬೇಡಿ. ಇನ್ನು ಎರಡೇ ದಿನ ಇರುವಾಗ ಅವನೊಂದು ಚಾರ್ಟು ತಯಾರಿಸಿ ಗೋಡೆಯ ಮೇಲೆ ಮೂಡಿಸಿದ. ಎಷ್ಟು ಮಕ್ಕಳು ಶಾಲೆಯಲ್ಲಿ ಉಳಿದರು ಎಂದು ತೋರಿಸಲು ನಾಲ್ಕು ತಾಲ್ಲೂಕಿಗೆ ನಾಲ್ಕು ಬಣ್ಣದ ಗೆರೆ. ಕೋಟೆ ತಾಲ್ಲೂಕಿನಲ್ಲಿ, ಅದರಲ್ಲೂ ಕಾಡಂಚಿನ ಹಳ್ಳಿಗಳಲ್ಲಿ, ಮನೆಗೆ ಮೊದಲು ಹುಟ್ಟಿದ ಮಕ್ಕಳ ಗೆರೆ ಶಾಲೆಯ ಹೊತ್ತಿಗೆ ದೊಪ್ಪನೆ ಕೆಳಗೆ ಬಿದ್ದಿತ್ತು.

"ದೊಡ್ಡ ಮಕ್ಕಳನ್ನ ಶಾಲೆ ಬಿಡಿಸಿ ಹೊಲದ ಕೆಲಸಕ್ಕೆ ಹಚ್ತಾರೆ ಮೇಡಂ. ಆಮೇಲೆ ಹುಟ್ಟಿದೋರು ಮಾತ್ರ ಓದ್ತಾರೆ. ಎಷ್ಟು ಸ್ಪಷ್ಟವಾಗಿದೆ ನೋಡಿ" ಎಂದ ವಸಂತ್. ಉಳಿದವರು ಚಪ್ಪಾಳೆ ತಟ್ಟಿದರು.

ಸುಳ್ಳು ಯಾಕೆ, ಬೃಂದಾಳಿಗೂ ಒಳಗೊಳಗೇ ಖುಷಿಯಾಯಿತು. ಶಿವನಂಜಪ್ಪನವರ ಬಾಯಿ ಮುಚ್ಚಿಸಲು ಇದೊಂದೇ ಸಾಕು ಎನಿಸಿತು. ಆದರೂ ಅಭ್ಯಾಸಬಲದಿಂದ ಕೇಳಿದಳು: "ಬುಟ್ಟಿ ನೋಡಿದ್ಯಾ?"

"ಬುಟ್ಟಿಯೇ ಅಲ್ವಾ ಮೇಡಂ ಉತ್ತರ? ಅದರಲ್ಲಿ ಉಳಿದಿರೋರೇ ಶಾಲೆ ಬಿಟ್ಟೋರು."

"ಯಾರು ಹೇಳಿದ್ದು?"

"ಡೇಟಾ."

"ಡೇಟಾಗೆ ಬಾಯಿಲ್ಲ ಕಣಪ್ಪ, ನಿನ್ನ ಬಾಯಿ ಅದು. ನಾಳೆ ಬೆಳಿಗ್ಗೆ ಕೋಟೆ ಬಸ್ಸಿಗೆ ಬಾ."

ಇರುವುದೇ ಒಂದು ದಿನ, ಅದನ್ನೂ ಬಸ್ಸಿನಲ್ಲಿ ಕಳೆಯಬೇಕೇ ಎಂದು ವಸಂತ್ ಮೂತಿ ಉಬ್ಬಿಸಿಕೊಂಡೇ ಬಂದ. ಕಿಟಕಿಯ ಪಕ್ಕ ಕೂತು ಲ್ಯಾಪ್‌ಟಾಪಿನಲ್ಲಿ ಗೆರೆಗಳ ಬಣ್ಣ ತಿದ್ದುತ್ತಿದ್ದ. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಇಳಿದು ಟೀ ಕುಡಿದು ಅಂತರಸಂತೆಯ ಕಡೆಯ ಬಸ್ಸು ಹತ್ತಿದರು. ಬೃಂದಾ ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಂಡಿದ್ದ ಮನೆಗಳಲ್ಲಿ ಮೊದಲನೆಯದು ಕುಳ್ಳಮ್ಮನದು. ಆ ಮನೆಗಳ ಮಕ್ಕಳ ಹೆಸರನ್ನೂ ಶಾಲೆಗಳ ಪಟ್ಟಿಯನ್ನೂ ಮಾತ್ರ ಅವಳು ಬೀಗ ತೆಗೆದು ವಸಂತನಿಗೆ ತೋರಿಸಿದ್ದಳು. ಊರಾಚೆ ಆನೆ ಕಂದಕ, ಈಚೆ ಹತ್ತಿ ಹೊಲ, ನಡುವೆ ಅವಳ ಹೆಂಚಿನ ಮನೆ. ಕುಳ್ಳಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅವಳ ಮಾವ ಕೆಂಪಯ್ಯ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಬಂದವರನ್ನು ಅಳೆಯುತ್ತಿದ್ದ.

ವಸಂತ್ ಸುತ್ತಿಬಳಸದೆ ಕೇಳಿಯೇಬಿಟ್ಟ: "ಅಕ್ಕ, ನಿಮ್ಮ ದೊಡ್ಡ ಮಗ ಶರತ್ ಶಾಲೆ ಬಿಟ್ಟಿದ್ದು ಯಾವಾಗ?"

ಕುಳ್ಳಮ್ಮನ ಕೈ ನಿಂತಿತು. "ಬುಟ್ನಾ? ಯಾರಪ್ಪಾ ಅಂಗಂದೋರು? ನನ್ ಮಗ ಕೋಟೇಲಿ ಪಿಯುಸಿ ಓದ್ತಾವ್ನೆ ಕಣಪ್ಪ, ಸೈನ್ಸು! ಜರ ಬಂದ್ರೂ ಇಸ್ಕೂಲ್ ತಪ್ಪುಸ್ದೋನಲ್ಲ. ಅತ್ನೇ ಕ್ಲಾಸಲ್ಲಿ ಇಡೀ ಇಸ್ಕೂಲ್ಗೇ ಮೊದಲ್ನೇವ್ನು." ಅವಳ ದನಿಗೆ ಪಕ್ಕದ ಮನೆಯ ನಾಯಿಯೂ ಎದ್ದು ನಿಂತಿತು.

ವಸಂತ್ ತಬ್ಬಿಬ್ಬಾದ. "ಆದ್ರೆ ಶರತ್ ಅನ್ನೋ ಹೆಸರು ಇಲ್ಲಿಯ ಯಾವ ಶಾಲೇಲೂ ಇಲ್ವಲ್ಲ ಅಕ್ಕ?"

"ಆ ಎಸ್ರು ಇಸ್ಕೂಲಲ್ಲಿ ಎಲ್ಲಿದ್ದಾತು?"

"ಮತ್ತೆ ಅಲ್ಲಿ ಏನು ಹೆಸರು?"

ಅಷ್ಟು ಜೋರು ಬಾಯಿಯ ಹೆಂಗಸು ಥಟ್ಟನೆ ಸುಮ್ಮನಾದಳು. ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆಮೇಲೆ ಗಲ್ಲವನ್ನು ಜಗಲಿಯ ಕಡೆ ಒಂದಿಷ್ಟು ಎತ್ತಿ, "ಅವ್ರುನ್ನೇ ಕೇಳಿ" ಅಂದಳು.

ಬೃಂದಾ ಕುಳ್ಳಮ್ಮನ ಕಡೆ ತಿರುಗಿದಳು. ಆ ನಗು, ಆ ಗಲ್ಲ ಎತ್ತಿದ ರೀತಿ, ಎಲ್ಲ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದೇ. ವಸಂತನಿಗೆ ಇನ್ನೂ ಹೊಳೆದಿರಲಿಲ್ಲ. ಅವನು ಜಗಲಿಗೆ ಹೋಗಿ, "ಅಜ್ಜ, ನಿಮ್ಮ ಮೊಮ್ಮಗನಿಗೆ ಶಾಲೇಲಿ ಏನು ಹೆಸರು?" ಎಂದ.

"ನಂದೇ ಕಣಪ್ಪ" ಎಂದು ಕೆಂಪಯ್ಯ ಮೀಸೆಯ ಮೇಲೆ ಕೈಯಾಡಿಸಿಕೊಂಡ. "ಕೆಂಪರಾಜು. ಈಗಿನ ಕಾಲುಕ್ಕೆ ಅಂತ ವಸಿ ತಿದ್ದಿದೀವಿ. ನಾನೇ ಕೈ ಇಡ್ಕಂಡ್ ಓಗಿ ಸೇರ್ಸ್ದೆ. ಉಟ್ಟಿದ್ ದಿನ ಯಾವ್ದು ಅಂದ್ರು ಮೇಷ್ಟ್ರು. ರಾಗಿ ಕಣದಲ್ಲಿತ್ತು ಅಂದೆ. ಅವ್ರು ಜೂನ್ ಒಂದು ಅಂತ ಬರ್ಕಂಡ್ರು."

"ಮತ್ತೆ ಶರತ್?"

"ಅದು ಇವ್ಳ್ ಕರ್ಯೋದು. ಮಾವನ ಎಸ್ರ ಇಡ್ದು ಸೊಸೆ ಕೂಗಾಳಾ? ಇನ್ನ ಅದೇ ಎಸ್ರ ಇಡ್ದು ಮಗೀನ ಬಯ್ಯೋದ್ ಎಂಗೆ? ಅದ್ಕೇ ಅವ್ಳ್ ಪಾಲ್ಗೆ ಬ್ಯಾರೆ ಎಸ್ರು."

ಅಂಗಳದಲ್ಲಿ ಕುಳ್ಳಮ್ಮ ಅವರೆಕಾಯಿಯ ಮೊರಕ್ಕೆ ಮುಖ ತಗ್ಗಿಸಿ ಕುಲುಕುಲು ನಗುತ್ತಿದ್ದಳು.

ಮುಂದಿನದು ಬೃಂದಾಳಿಗೆ ಕನ್ನಡಿಯಷ್ಟು ನಿಚ್ಚಳವಾಯಿತು. ಮಕ್ಕಳು ಸಣ್ಣವರಿದ್ದಾಗ ಅಧ್ಯಯನದವರು ಮನೆಗೆ ಬಂದು ಹೆಸರು ಕೇಳಿದ್ದು ತಾಯಿಯನ್ನು. ಶಾಲೆಗೆ ಸೇರಿಸಿದ್ದು ಅಜ್ಜ. ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ಹೆಸರು, ಈ ಮೂರರಲ್ಲಿ ಎರಡಾದರೂ ಹೊಂದದಿದ್ದರೆ ಕಂಪ್ಯೂಟರ್ ಜೋಡಿಸುವುದಿಲ್ಲ. ಇಲ್ಲಿ ತಂದೆಯ ಹೆಸರೊಂದೇ ಹೊಂದಿತ್ತು. ಅಜ್ಜನ, ಅಜ್ಜಿಯ ಹೆಸರು ಇಡುವುದು ಮನೆಯ ಮೊದಲ ಮಗುವಿಗೆ. ಆದ್ದರಿಂದಲೇ ಬುಟ್ಟಿಗೆ ಬಿದ್ದವರೆಲ್ಲ ಮೊದಲ ಮಕ್ಕಳು. ಕಾಡಂಚಿನ ಹಳ್ಳಿಗಳಲ್ಲಿ ಈ ಮರ್ಯಾದೆ ಇನ್ನೂ ಬಿಗಿಯಾಗಿ ಉಳಿದಿದೆ. ಮಕ್ಕಳ ಶಾಲೆ ಬಿಡಿಸಿದವರೆಂದು ಚಾರ್ಟು ತೋರಿಸಿದ್ದು ಹಿರಿಯರಿಗೆ ಗೌರವ ಕೊಟ್ಟ ಮನೆಗಳನ್ನು.

ಅವತ್ತು ಇನ್ನೂ ಕೆಲವು ಮನೆಗಳಿಗೆ ಹೋದರು. ಹೆಚ್ಚಿನ ಕಡೆ ಇದೇ ಕಥೆ. ಒಂದು ಮನೆಯಲ್ಲಿ ಮಾತ್ರ, ಎರಡು ಹೆಸರಿದ್ದದ್ದಲ್ಲದೆ, ಹುಡುಗಿ ನಿಜವಾಗಿಯೂ ಎಂಟನೇ ತರಗತಿಗೇ ಶಾಲೆ ಬಿಟ್ಟಿದ್ದಳು. ಅಲ್ಲಿಂದ ಹೊರಬಂದಾಗ ವಸಂತ್ ತಾನಾಗಿಯೇ ಹೇಳಿದ: "ನನ್ನ ಚಾರ್ಟಿಂದ ಈ ಹುಡುಗೀಗೂ ಮೋಸ ಮೇಡಂ. ಬುಟ್ಟೀಲಿ ಓದ್ತಾ ಇರೋರ ಜೊತೆ ಸೇರಿಹೋಗಿ ಇವಳು ಕಾಣೋದೇ ಇಲ್ಲ." ಬೃಂದಾ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಅವಳು ಇಷ್ಟು ವರ್ಷ ಕಲಿಸಿದ್ದರ ಸಾರವೆಲ್ಲ ಆ ಮಾತಿನಲ್ಲಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು: "ವಸಂತ, ನನ್ನ ಮಗಳ ಹೆಸರೇನು ಹೇಳು?"

"ರಮ್ಯ ಅಲ್ವಾ ಮೇಡಂ?"

"ಶಾಲೇಲಿ ಭದ್ರಾವತಿ. ನಮ್ಮತ್ತೆ ಹೆಸರಿಂದ ಇಟ್ಟಿದ್ದು. ಹುಟ್ಟಿದಾಗಿನಿಂದ ರಮ್ಯ ಅಂತ ಕರೀತಿದೀನಿ. ಯಾಕೆ ಅಂತ ಒಂದಿನಾನೂ ಯೋಚ್ನೆ ಮಾಡಿಲ್ಲ ನೋಡು!" ಎಂದು ಜೋರಾಗಿ ನಕ್ಕಳು. ಮುಂದಿನ ಸೀಟಿನವರು ತಿರುಗಿ ನೋಡಿದರು.

ವಸಂತ್ ನಗಲಿಲ್ಲ. "ನಾಳೆ ಏನು ಮಾಡೋದು ಮೇಡಂ? ಆ ಚಾರ್ಟ್ ಬಿಟ್ರೆ ತೋರ್ಸೋಕೆ ನಮ್ಮತ್ರ ಏನೂ ಇಲ್ಲ. ಅವರು ಕೇಂದ್ರ ಮುಚ್ಚಿಬಿಟ್ರೆ?"

ಕೋಟೆಯ ಗೆರೆಯನ್ನು ಅಳಿಸಿ ಉಳಿದ ಮೂರು ತಾಲ್ಲೂಕು ತೋರಿಸಿದರೆ ಆಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತು ಬೃಂದಾಳ ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. "ಮಾಡಿದೋನು ನೀನು. ಏನು ತೋರಿಸ್ಬೇಕು ಅಂತ ನೀನೇ ತೀರ್ಮಾನ ಮಾಡು" ಎಂದಳು. ಹೇಳಿದ್ದೇನೋ ಹೇಳಿದಳು, ಹುಣಸೂರು ಬರುವವರೆಗೂ ಅವನ ಮುಖವನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದಳು.

ಮರುದಿನ ಶಿವನಂಜಪ್ಪನವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಬಾಗಿಲಲ್ಲೇ ಕರವಸ್ತ್ರ ಮೂಗಿಗೆ ಹೋಯಿತು. ತೂಗಾಡುವ ದಾರಗಳ ಕೆಳಗೆ ತಲೆ ಬಗ್ಗಿಸಿ ದಾಟಿ ಮುಂದಿನ ಕುರ್ಚಿಯಲ್ಲಿ ಕೂತರು. ಮುಖದಲ್ಲಿ ನಗುವೂ ಇಲ್ಲ, ಸಿಡುಕೂ ಇಲ್ಲ. ಬೃಂದಾ ಹಿಂದಿನ ಸಾಲಿನಲ್ಲಿ ಕೂತಳು. ವಸಂತ್ ಏನು ಮಾಡುತ್ತಾನೆಂದು ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಗೋಡೆಯ ಮೇಲೆ ಅದೇ ಚಾರ್ಟು ಮೂಡಿತು. ನಾಲ್ಕೂ ಗೆರೆ ಇತ್ತು, ಕೋಟೆಯದು ದೊಪ್ಪನೆ ಕೆಳಗೆ ಬಿದ್ದಿತ್ತು. ಬೃಂದಾಳಿಗೆ ಜೀವವೇ ಹೋದ ಹಾಗಾಯಿತು.

ಶಿವನಂಜಪ್ಪನವರು ಮುಂದೆ ಬಾಗಿ ನೋಡಿ ತಲೆದೂಗಿದರು. "ಬಹಳ ಚೆನ್ನಾಗಿದೆ. ಆದರೆ ಇದನ್ನು ಬೆಂಗಳೂರಿನಲ್ಲೇ ಕೂತು ಮಾಡಬಹುದಿತ್ತಲ್ಲ?"

"ಮಾಡ್ಬಹುದಿತ್ತು ಸರ್" ಎಂದ ವಸಂತ್. "ಇದು ತಪ್ಪು."

ವಸಂತ್ ಬುಟ್ಟಿಯನ್ನು ಎತ್ತಿ ಮೇಜಿನ ಮೇಲೆ ಇಟ್ಟ. ಯಾರ ಊರನ್ನೂ, ಯಾರ ಹೆಸರನ್ನೂ ಹೇಳದೆ, ಒಬ್ಬ ತಾಯಿ, ಒಬ್ಬ ಅಜ್ಜ ಮತ್ತು ಎರಡು ಹೆಸರಿನ ಹುಡುಗನ ಕಥೆ ಹೇಳಿದ. ತಾನು ಹೇಗೆ ಮೋಸಹೋದೆ ಎನ್ನುವುದನ್ನೂ ಒಂದಿಷ್ಟೂ ಮುಚ್ಚಿಡಲಿಲ್ಲ. ಆಮೇಲೆ ಕೇಳಿದ: "ಇಲ್ಲಿರೋರಲ್ಲಿ ಯಾರನ್ನಾದ್ರೂ ಅಮ್ಮ ಮಾತ್ರ ಬೇರೆ ಹೆಸರಿಂದ ಕರೀತಾರಾ? ಇದ್ರೆ ಕೈ ಎತ್ತಿ."

ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ಕೈ ಎತ್ತಿದವರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಕೊನೆಗೆ, ಎಲ್ಲರಿಗಿಂತ ತಡವಾಗಿ, ಮುಂದಿನ ಕುರ್ಚಿಯಿಂದ ಕರವಸ್ತ್ರ ಹಿಡಿದ ಒಂದು ಕೈ ಮೇಲೆದ್ದಿತು.

"ಮೂರ್ತಿ" ಎಂದರು ಶಿವನಂಜಪ್ಪನವರು. ಅವರ ಅಚ್ಚುಕಟ್ಟಾದ ಬೆಂಗಳೂರು ಕನ್ನಡ ಎಲ್ಲಿ ಹೋಯಿತೋ. "ಶಿವನಂಜಪ್ಪ ಅಂದ್ರೆ ನಮ್ ತಾತ. ನಮ್ಮವ್ವ ಕೊನೇ ಗಂಟಾನೂ ನನ್ನ ಮೂರ್ತಿ ಅಂತ್ಲೇ ಕರೆದ್ಲು." ಅವರು ಬುಟ್ಟಿಯ ಕಡೆ ನೋಡಿದರು. "ನೀವು ನಮ್ಮೂರಿಗೆ ಬಂದು ನಮ್ಮವ್ವನ್ನ ಕೇಳಿದ್ರೆ ನಾನೂ ಇದ್ರಾಗೇ ಇರ್ತಿದ್ದೆ ಅನ್ನಿ."

ಆಮೇಲೆ ಅವರು ಮತ್ತೆ ಪರೀಕ್ಷಕರಾದರು. "ಸರಿ, ನಿಜವಾಗಿ ಶಾಲೆ ಬಿಟ್ಟವರು ಎಷ್ಟು ಮಂದಿ?"

"ಇನ್ನೂ ಗೊತ್ತಿಲ್ಲ ಸರ್" ಎಂದ ವಸಂತ್, ತಲೆ ತಗ್ಗಿಸದೆ. "ಮನೆಯವರನ್ನೇ ಕೇಳ್ಬೇಕು. ಅವರು ಒಪ್ಪಿದ್ರೆ ಎರಡೂ ಹೆಸರು ಸೇರಿಸ್ಕೋಬೇಕು. ಅದಕ್ಕೆ ಟೈಮ್ ಬೇಕು. ಬೆಂಗಳೂರಲ್ಲಿ ಕೂತು ಆಗೋ ಕೆಲ್ಸ ಅಲ್ಲ ಸರ್, ಇಲ್ಲೇ ಇರ್ಬೇಕು."

ಬೃಂದಾಳ ಕಣ್ಣು ತುಂಬಿ ಬಂತು. ಎಷ್ಟೋ ಬ್ಯಾಚುಗಳು ಬಂದು ಹೋಗಿದ್ದವು, ದೊಡ್ಡ ದೊಡ್ಡ ಕಡೆ ಕೆಲಸ ಹಿಡಿದವರಿದ್ದರು. ಆದರೆ ತನ್ನ ಕೈಯಾರೆ ಮಾಡಿದ ಚೆಂದದ ಚಾರ್ಟನ್ನು ತಪ್ಪು ಎಂದು ಎಲ್ಲರೆದುರು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ನೆಟ್ಟಗೆ ನಿಂತು ಹೇಳಿದ ಹುಡುಗನನ್ನು ಅವಳು ಕಂಡದ್ದು ಅವತ್ತೇ. ಅವನನ್ನು ತಯಾರು ಮಾಡಿದವಳು ತಾನು ಎಂಬ ಹೆಮ್ಮೆ ಎದೆಯಲ್ಲಿ ಹಿಡಿಸಲಾರದಷ್ಟಾಯಿತು. ಈಗ ಕೇಂದ್ರ ಮುಚ್ಚಿದರೂ ಮುಚ್ಚಲಿ ಎಂದುಕೊಂಡಳು. ಮರುಕ್ಷಣವೇ, ಮುಚ್ಚಬಾರದು ಎಂದುಕೊಂಡಳು.

ಶಿವನಂಜಪ್ಪನವರು ಹೊರಡುವಾಗ ಕರವಸ್ತ್ರ ಕುರ್ಚಿಯ ಮೇಲೇ ಉಳಿದಿತ್ತು. ಬಾಗಿಲ ಬಳಿ ನಿಂತು ಬೃಂದಾಳಿಗೆ ಹೇಳಿದರು: "ಮುಂದಿನ ಬ್ಯಾಚಿಗೆ ನಮ್ಮ ಆಫೀಸಿನ ನಾಲ್ಕು ಜನರನ್ನೂ ಕಳಿಸ್ತೀನಿ ಮೇಡಂ. ಇಲ್ಲಿಗೇ. ಲ್ಯಾಪ್‌ಟಾಪ್ ಕೊಡೋದಕ್ಕೆ ಮುಂಚೆ ಬಸ್ಸು ಹತ್ಸಿ."

ಸಂಜೆ ಬಸ್‌ಸ್ಟ್ಯಾಂಡಿನಿಂದ ಅವಳು ಮನೆಗೆ ಫೋನ್ ಮಾಡಿದಳು. ಎತ್ತಿದವರು ಭದ್ರಮ್ಮನವರು.

"ಅತ್ತೆ, ಹುಣಸೂರಲ್ಲೇ ಉಳೀತು."

"ನಂಗೊತ್ತಿತ್ತು ಬುಡು. ನನ್ ಸೊಸೆ ಕಟ್ಟಿದ್ದು ಅಂಗೆಲ್ಲ ಓಗಕಿಲ್ಲ."

ಬೃಂದಾ ನಕ್ಕು, "ನಿಮ್ಮ ಹೆಸರಿನವಳಿಗೆ ಫೋನ್ ಕೊಡಿ ಅತ್ತೆ" ಎಂದಳು.

ಆ ಕಡೆ ಭದ್ರಮ್ಮನವರು ಬಿದ್ದು ಬಿದ್ದು ನಗುವುದು ಕೇಳಿಸಿತು. "ಇವತ್ತಾದ್ರೂ ಗೊತ್ತಾಯ್ತಲ್ಲ ಅವ್ಳು ಯಾರೂಂತ! ಬಾರೇ ಭದ್ರಾ, ನಿಮ್ಮವ್ವ ಕರೀತಾವ್ಳೆ."

ಮಗಳು ಬಂದು "ಅಮ್ಮಾ" ಎಂದಳು. ಏನೆಂದು ಕರೆಯಬೇಕೋ ಬೃಂದಾಳಿಗೆ ಒಂದು ಗಳಿಗೆ ತೋಚಲಿಲ್ಲ. ಬಾಯಿ ತೆರೆದರೆ ಬಂದದ್ದು ರಮ್ಯ ಎಂದೇ. "ರಮ್ಯಾ, ಇವತ್ತು ನಿಮ್ಮ ವಸಂತಣ್ಣ ಏನು ಮಾಡ್ದ ಗೊತ್ತೇನೇ?" ಎಂದು ಶುರು ಮಾಡಿದವಳು, ಕೆ.ಆರ್. ನಗರದ ಬಸ್ಸು ಎದುರಿಗೆ ಬಂದು ನಿಂತದ್ದನ್ನೂ ನೋಡಲಿಲ್ಲ.